ಖಾಲಿ ಹಡಗಿಗೆ ಕಳ್ಳರ ಭಯವಿಲ್ಲ

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ಮಾತಿನ ವಿಷಯ 'ವಿಡಿಯೊ ಗೇಮ್' ಅಂತ ಹಾಕಿದ್ದಾರೆ. ಅದಕ್ಕೇ ಇರಬೇಕು, ಮಕ್ಕಳನ್ನೆಲ್ಲ ಮುಂದೆ ಕೂರಿಸಿ ಹಿರಿಯರು ಹಿಂದಿನ ಸಾಲಿಗೆ ಹೋಗಿದ್ದೀರಿ. ನಿಜ ಹೇಳಬೇಕೆಂದರೆ ಇದು ಹಿಂದಿನ ಸಾಲಿನವರಿಗೇ ಜಾಸ್ತಿ ಅರ್ಥವಾಗುವ ವಿಷಯ. ಅಂಗಡಿ ಇಟ್ಟವರು, ಲಾರಿ ಓಡಿಸಿದವರು, ಸಾಲ ಮಾಡಿ ಮಾಲು ತಂದು ಅದು ಖರ್ಚಾಗುತ್ತೋ ಇಲ್ಲವೋ ಅಂತ ರಾತ್ರಿ ನಿದ್ದೆಗೆಟ್ಟವರು ಇದ್ದರೆ ಅವರಿಗೆ ಇನ್ನೂ ಬೇಗ ಅರ್ಥವಾಗುತ್ತದೆ.

ಆಟದ ಹೆಸರು ಎಲೀಟ್. 1984ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಬಂತು. ಮಾಡಿದವರು ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್, ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಇಬ್ಬರು ಹುಡುಗರು. ಆಟ ಶುರುವಾದಾಗ ನೀವು ಕಮಾಂಡರ್ ಜೇಮ್ಸನ್. ಲೇವ್ ಎನ್ನುವ ಗ್ರಹದ ಮೇಲೆ ಸುತ್ತುವ ನಿಲ್ದಾಣದಲ್ಲಿ ನಿಂತಿದ್ದೀರಿ. ಕೋಬ್ರಾ ಮಾರ್ಕ್ 3 ಎಂಬ ಹಡಗು ನಿಮ್ಮದು. ಅದರಲ್ಲಿ 20 ಟನ್ ಸರಕು ಹಿಡಿಯುತ್ತದೆ. ಏಳು ಜ್ಯೋತಿರ್ವರ್ಷ ಹೋಗುವಷ್ಟು ಇಂಧನ, ಮೂರು ಕ್ಷಿಪಣಿ, ಮುಂದೆ ಒಂದು ಸಾಧಾರಣ ಲೇಸರ್, ಕೈಯಲ್ಲಿ 100 ಕ್ರೆಡಿಟ್ ದುಡ್ಡು. ಅಷ್ಟೇ. ಮುಂದೇನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ವ್ಯಾಪಾರ ಮಾಡಬಹುದು, ದರೋಡೆ ಮಾಡಬಹುದು, ದರೋಡೆಕೋರರನ್ನು ಬೇಟೆಯಾಡಿ ಬಹುಮಾನ ತೆಗೆದುಕೊಳ್ಳಬಹುದು, ಕಲ್ಲು ಒಡೆದು ಖನಿಜ ಮಾರಬಹುದು. ಸುಮ್ನೆ ಕೂತರೂ ಕೇಳುವವರಿಲ್ಲ.

ಈಗ ಇದು ದೊಡ್ಡ ವಿಷಯ ಅನ್ನಿಸುವುದಿಲ್ಲ. ಆಗ ಅನ್ನಿಸಿತ್ತು. ಇಬ್ಬರೂ ಮೊದಲು ಆಟವನ್ನು ತೋರ್ನ್ ಇಎಂಐ ಕಂಪನಿಗೆ ತೋರಿಸಿದರು. ಅವರು ಬೇಡ ಅಂದರು. ಅವರಿಗೆ ಬೇಕಿದ್ದದ್ದು ಮೂರು ಜೀವ, ಒಂದು ಸ್ಕೋರು, ಹತ್ತು ನಿಮಿಷದಲ್ಲಿ ಮುಗಿಯುವ ಆಟ. ಅವರನ್ನು ಬೈಯುವುದು ಬೇಡ. ಆಗ ಆಟ ಅಂದರೆ ನಾಣ್ಯ ಹಾಕಿ ಆಡುವ ಪೆಟ್ಟಿಗೆ. ನೀವು ಬೇಗ ಸತ್ತಷ್ಟೂ ಪೆಟ್ಟಿಗೆಯ ಮಾಲೀಕನಿಗೆ ಒಳ್ಳೆಯದು. ಆ ಅಭ್ಯಾಸ ಮನೆಯ ಕಂಪ್ಯೂಟರಿಗೂ ಬಂದಿತ್ತು. ಕೊನೆಗೆ ಆಟವನ್ನು ತೆಗೆದುಕೊಂಡದ್ದು ಏಕಾರ್ನ್‌ಸಾಫ್ಟ್, ಅಂದರೆ ಬಿಬಿಸಿ ಮೈಕ್ರೊ ಕಂಪ್ಯೂಟರ್ ಮಾಡುತ್ತಿದ್ದ ಏಕಾರ್ನ್ ಕಂಪನಿಯ ತಂತ್ರಾಂಶ ವಿಭಾಗ.

ಆ ಹುಡುಗರು ಸ್ಕೋರಿನ ಜಾಗದಲ್ಲಿ ದುಡ್ಡು ಇಟ್ಟರು. ನನ್ನ ಪ್ರಕಾರ ಇಡೀ ಆಟದ ಗುಟ್ಟು ಅಲ್ಲೇ ಇದೆ. ಸ್ಕೋರು ಏರುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ದುಡ್ಡು ಏರುತ್ತದೆ, ಇಳಿಯುತ್ತದೆ, ಮಾಲಾಗಿ ಮಾರ್ಪಡುತ್ತದೆ, ಆ ಮಾಲು ದಾರಿಯಲ್ಲೇ ಹೋಗಿಬಿಡಲೂ ಬಹುದು.

ಇದೆಲ್ಲ ಕೂತಿದ್ದ ಜಾಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಬಿಬಿಸಿ ಮೈಕ್ರೊದಲ್ಲಿ ಇದ್ದದ್ದು ಒಟ್ಟು 32 ಕಿಲೋಬೈಟ್ ಮೆಮೊರಿ. ಪರದೆಗೆ, ಯಂತ್ರದ ಸ್ವಂತ ಖರ್ಚಿಗೆ ಹೋಗಿ ಆಟಕ್ಕೆ ಉಳಿದದ್ದು ಸುಮಾರು 22. ನಿಮಗೆ ಬೆಳಿಗ್ಗೆ ಬರುವ ಶುಭೋದಯದ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲಿ ಎಂಟು ಗ್ಯಾಲಕ್ಸಿ, ಒಂದೊಂದರಲ್ಲಿ 256 ಗ್ರಹ. ಪ್ರತಿ ಗ್ರಹಕ್ಕೂ ಹೆಸರು, ಸರ್ಕಾರ, ಕಸುಬು, ಜನಸಂಖ್ಯೆ. ಇವನ್ನೆಲ್ಲ ಎಲ್ಲೂ ಬರೆದಿಟ್ಟಿಲ್ಲ! ಮೂರು ಸಂಖ್ಯೆ ಇಟ್ಟುಕೊಂಡು, ಆ ಮೂರನ್ನೂ ಕೂಡಿ ನಾಲ್ಕನೆಯದು ಮಾಡುವುದು, ಹಳೆಯದೊಂದನ್ನು ಬಿಡುವುದು, ಮತ್ತೆ ಕೂಡುವುದು. ಮಗ್ಗಿ ಬಾಯಿಪಾಠ ಮಾಡದ ಹುಡುಗ ಪ್ರತಿ ಸಲ ಬೆರಳು ಮಡಿಸಿ ಕೂಡಿಕೊಂಡು ಹೇಳುವುದಿಲ್ಲವಾ, ಹಾಗೆ. ಉತ್ತರ ಪ್ರತಿ ಸಲವೂ ಒಂದೇ, ಆದ್ದರಿಂದ ಗ್ರಹವೂ ಪ್ರತಿ ಸಲ ಅದೇ ಜಾಗದಲ್ಲಿ ಅದೇ ಹೆಸರಿನಲ್ಲಿ ಸಿಗುತ್ತದೆ. ಹೆಸರುಗಳೂ ಹೀಗೇ ಎರಡೆರಡು ಅಕ್ಷರ ಜೋಡಿಸಿ ತಾವಾಗಿ ಹುಟ್ಟುತ್ತಿದ್ದವು. ಒಂದು ಗ್ಯಾಲಕ್ಸಿಯಲ್ಲಿ ಒಂದು ಗ್ರಹಕ್ಕೆ ಇಂಗ್ಲಿಷಿನಲ್ಲಿ ಸಭೆಯಲ್ಲಿ ಹೇಳಬಾರದ ಹೆಸರು ಬಂತಂತೆ. ಆ ಇಡೀ ಗ್ಯಾಲಕ್ಸಿಯನ್ನೇ ಎಸೆದು ಬೇರೆಯದು ತಂದರು.

ಇದೇ ಬಿಬಿಸಿ ಮೈಕ್ರೊ ನಮ್ಮ ದೇಶಕ್ಕೂ ಬಂದಿತ್ತು. 1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎನ್ನುವ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟದ್ದು ಇದೇ ಪೆಟ್ಟಿಗೆಯನ್ನು. ನಾನು ಓದಿದ ಹೈಸ್ಕೂಲಿಗೂ ಬಂತು. ಅದಕ್ಕೊಂದು ಮಖಮಲ್ಲಿನ ಹೊದಿಕೆ, ರೂಮಿಗೆ ಬೀಗ, ಒಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ. ದೇವರ ಮನೆಗೆ ಹೋದ ಹಾಗೆ ಹೋಗಿ ಒಬ್ಬೊಬ್ಬರೂ ನಮ್ಮ ಹೆಸರು ಟೈಪ್ ಮಾಡಿ ಹೊರಗೆ ಬರುತ್ತಿದ್ದೆವು. ಎರಡು ಸಾವಿರ ಗ್ರಹ ಹಿಡಿಸುವ ಯಂತ್ರದಲ್ಲಿ ನಾವು ಹಿಡಿಸಿದ್ದು ನಮ್ಮ ಹೆಸರು ಮತ್ತು ಇನಿಷಿಯಲ್. ಆಟ ನನ್ನ ಕೈಗೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಪಿಸಿಯಲ್ಲಿ ಆಡುವ ಆವೃತ್ತಿ. ಒಂದು ಕಂಪ್ಯೂಟರ್ ಕೋಚಿಂಗ್ ಸೆಂಟರಿನಲ್ಲಿ ಸಂಜೆ ಪಾಠ ಮುಗಿದ ಮೇಲೆ ಕದ್ದು ಆಡುತ್ತಿದ್ದೆ.

ಈಗ ವ್ಯಾಪಾರಕ್ಕೆ ಬರೋಣ. ಲೇವ್ ಬೇಸಾಯದ ಗ್ರಹ. ಅಲ್ಲಿ ಆಹಾರ ಟನ್ನಿಗೆ 4 ಕ್ರೆಡಿಟ್ ಆಸುಪಾಸು. 20 ಟನ್ ತುಂಬಿದರೆ 80 ಕ್ರೆಡಿಟ್ ಖಾಲಿ. ಪಕ್ಕದಲ್ಲಿ ಲೀಸ್ಟಿ ಇದೆ, ಕಾರ್ಖಾನೆಗಳ ಗ್ರಹ, ಅಲ್ಲಿ ಅದಕ್ಕೆ ಆರೋ ಏಳೋ ಸಿಗುತ್ತದೆ. ಒಂದು ಟ್ರಿಪ್ಪಿಗೆ ನಲವತ್ತು ಐವತ್ತು ಲಾಭ. ನಾನು ಹೀಗೇ ಒಯ್ದು ಮಾರಿ, ಖಾಲಿ ಹಡಗಿನಲ್ಲಿ ವಾಪಸ್ ಬರುತ್ತಿದ್ದೆ. ಹೊಟ್ಟೆ ತುಂಬಿದ ಹಾಗೂ ಇಲ್ಲ, ಹಸಿದ ಹಾಗೂ ಇಲ್ಲ.

ನಮ್ಮ ಚಿಕ್ಕಪ್ಪ ಆಗ ಲಾರಿ ಇಟ್ಟಿದ್ದರು. ಒಂದು ದಿನ ನನ್ನನ್ನು ಕರೆದುಕೊಂಡು ಹೋಗಲು ಸೆಂಟರಿಗೆ ಬಂದವರು ಹಿಂದೆ ನಿಂತು ನೋಡಿದರು. ಕಪ್ಪು ಪರದೆ, ಮೇಲೆ ಗೆರೆಗಳು. "ಏನೋ ಇದು?" ಅಂದರು. ಹೇಳಿದೆ. ಗ್ರಹ, ಗ್ಯಾಲಕ್ಸಿ ಯಾವುದನ್ನೂ ಕೇಳಲಿಲ್ಲ. "ಬರ್ತಾ ಏನು ಹಾಕ್ಕೊಂಡು ಬರ್ತೀಯ?" ಅಂದರು. "ಏನೂ ಇಲ್ಲ ಚಿಕ್ಕಪ್ಪ, ಖಾಲಿ" ಅಂದೆ. ಅವರಿಗೆ ನಿಜಕ್ಕೂ ಸಿಟ್ಟು ಬಂತು. "ರಿಟರ್ನ್ ಲೋಡ್ ಇಲ್ದೆ ಯಾವನೋ ಗಾಡಿ ಕಳಿಸ್ತಾನೆ? ಎಣ್ಣೆ ಯಾರಪ್ಪಂದು?"

ಅವತ್ತಿನಿಂದ ಲೀಸ್ಟಿಯಿಂದ ಕಂಪ್ಯೂಟರ್ ತರಲು ಶುರು ಮಾಡಿದೆ. ಹೌದು, ಆಟದೊಳಗೂ ಕಂಪ್ಯೂಟರ್ ಒಂದು ಸರಕು. ಮೊದಲು ಒಂದು ಟನ್, ಆಮೇಲೆ ಎರಡು, ಆಮೇಲೆ ಐದು. ಅದನ್ನು ಡಿಸೊ ಎನ್ನುವ ಬೇಸಾಯದ ಗ್ರಹಕ್ಕೆ ಒಯ್ದರೆ ಒಳ್ಳೆಯ ಬೆಲೆ. ಕೆಲವು ವಾರದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಟನ್ ಕಂಪ್ಯೂಟರ್ ತುಂಬಿದೆ. ಸಾವಿರಕ್ಕೂ ಜಾಸ್ತಿ ಕ್ರೆಡಿಟ್ಟಿನ ಮಾಲು. ಜೇಬಿನಲ್ಲಿ ಏನೂ ಇಲ್ಲ, ಎಲ್ಲ ಹಡಗಿನ ಹೊಟ್ಟೆಯಲ್ಲಿ.

ದೂರ ಹಾರಿ ಒಂದು ಗ್ರಹದ ಹತ್ತಿರ ಬಂದ ಮೇಲೂ ನಿಲ್ದಾಣ ಸಿಗಲು ತುಂಬ ಹೊತ್ತು ಬೇಕು. ಅದಕ್ಕೆ ಜೆ ಎನ್ನುವ ಕೀಲಿ ಇದೆ. ಅದನ್ನು ಒತ್ತಿದರೆ ದಾರಿ ಸರ್ರನೆ ಸಾಗುತ್ತದೆ. ಆದರೆ ಹತ್ತಿರದಲ್ಲಿ ಇನ್ನೊಂದು ಹಡಗು ಇದ್ದರೆ ಜೆ ಕೆಲಸ ಮಾಡುವುದಿಲ್ಲ. ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಲೇಸರ್ ಅಲ್ಲ, ಕೆಲಸ ಮಾಡದ ಆ ಒಂದು ಕೀಲಿ. ಯಾರೋ ಬಂದಿದ್ದಾರೆ ಅಂತ ಅರ್ಥ. ಯಾರು ಅಂತ ಇನ್ನೂ ಕಾಣುತ್ತಿಲ್ಲ.

ಆಗ ಕಣ್ಣು ಕೆಳಗಿನ ಸ್ಕ್ಯಾನರಿಗೆ ಹೋಗುತ್ತದೆ. ಮಲಗಿಸಿದ ತಟ್ಟೆಯ ಹಾಗೆ ಒಂದು ಮೊಟ್ಟೆಯಾಕಾರ. ನಡುವಿನಲ್ಲಿ ನೀವು. ಬೇರೆ ಹಡಗು ಒಂದು ಚುಕ್ಕಿ, ಆ ಚುಕ್ಕಿಗೆ ಒಂದು ಕಡ್ಡಿ. ಕಡ್ಡಿ ತಟ್ಟೆಯಿಂದ ಮೇಲಕ್ಕೆ ನಿಂತಿದ್ದರೆ ಅವನು ನಿಮಗಿಂತ ಮೇಲಿದ್ದಾನೆ, ಕೆಳಕ್ಕೆ ಇಳಿಬಿದ್ದಿದ್ದರೆ ಕೆಳಗಿದ್ದಾನೆ. ಚಪ್ಪಟೆ ಪರದೆಯ ಮೇಲೆ ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ಮೂರನ್ನೂ ಒಂದೇ ನೋಟಕ್ಕೆ ತೋರಿಸುವುದು ಎಷ್ಟು ಕಷ್ಟ ಅಂತ ಯಾರಾದರೂ ಚಿತ್ರ ಬಿಡಿಸಿ ನೋಡಿ, ಆಗ ಆ ಕಡ್ಡಿಯ ಬೆಲೆ ಗೊತ್ತಾಗುತ್ತದೆ. ಇವತ್ತಿನ ಬಾಹ್ಯಾಕಾಶದ ಆಟಗಳಲ್ಲೂ ಅದೇ ಕಡ್ಡಿ ಇದೆ.

ಅವತ್ತು ಮೂರು ಕಡ್ಡಿ ಕಂಡವು. ಕ್ರೇಟ್ ಜಾತಿಯ ಹಡಗುಗಳು. ಡಿಸೊದಲ್ಲಿ ಪ್ರಜಾಪ್ರಭುತ್ವ, ಅಂಥ ಕಡೆ ಕಳ್ಳರು ಕಡಿಮೆ. ಅರಾಜಕ ಗ್ರಹಗಳಲ್ಲಿ ಜಾಸ್ತಿ. ಕಡಿಮೆ ಅಂದರೆ ಇಲ್ಲ ಅಂತಲ್ಲವಲ್ಲ. ಒಬ್ಬನಿಗೆ ಕ್ಷಿಪಣಿ ಬಿಟ್ಟೆ, ಇನ್ನೊಬ್ಬನನ್ನು ಲೇಸರಿನಲ್ಲಿ ಹೊಡೆದೆ, ಮೂರನೆಯವನು ಬೆನ್ನ ಹಿಂದೆ ಬಂದು ನನ್ನ ರಕ್ಷಾಕವಚವನ್ನೆಲ್ಲ ಕರಗಿಸಿದ. ಹೇಗೋ ತಿರುಗಿಸಿ ಅವನನ್ನೂ ಮುಗಿಸಿದಾಗ ಶಕ್ತಿಯ ಪಟ್ಟಿ ಒಂದೇ ಒಂದು ಉಳಿದಿತ್ತು. ಅಂಗೈ ಬೆವರಿ ಕೀಬೋರ್ಡ್ ಒದ್ದೆ. ಇದಕ್ಕೆ ಮುಂಚೆ ಖಾಲಿ ಹಡಗಿನಲ್ಲಿ ಇಂಥ ಜಗಳ ಎಷ್ಟೋ ಆಡಿದ್ದೆ, ಒಂದು ಸಲವೂ ಬೆವರಿರಲಿಲ್ಲ. ಕಳ್ಳರು ಅವರೇ, ಲೇಸರ್ ಅದೇ. ಹೊಸದಾಗಿ ಸೇರಿದ್ದು ಇಪ್ಪತ್ತು ಟನ್ ಕಂಪ್ಯೂಟರ್ ಮಾತ್ರ. ಬರೀ ಗುಂಡು ಹಾರಿಸುವ ಆಟಗಳು ನನಗೆ ಬೇಗ ಬೇಜಾರಾಗುವುದು ಇದಕ್ಕೇ. ಅಲ್ಲಿ ಸತ್ತರೆ ನಿಮ್ಮದು ಅಂತ ಹೋಗುವುದು ಏನೂ ಇಲ್ಲ.

ಕಥೆ ಮುಗಿದಿಲ್ಲ. ನಿಲ್ದಾಣ ಸಿಕ್ಕಿತು. ಈ ನಿಲ್ದಾಣ ಒಂದು ದೊಡ್ಡ ಪೆಟ್ಟಿಗೆ, ಗಿರಗಿರನೆ ಅಲ್ಲದಿದ್ದರೂ ನಿಧಾನವಾಗಿ ತಿರುಗುತ್ತಲೇ ಇರುತ್ತದೆ. ಅದರ ಒಂದು ಮುಖದಲ್ಲಿ ಅಂಚೆ ಡಬ್ಬಿಯ ಬಾಯಿಯಂಥ ಸೀಳು. ಅದರ ನೇರಕ್ಕೆ ಬಂದು, ಅದು ತಿರುಗಿದಷ್ಟೇ ನೀವೂ ಮಗ್ಗುಲು ತಿರುಗಿಸುತ್ತಾ, ಮೆಲ್ಲಗೆ ಒಳಗೆ ಹೋಗಬೇಕು. ಇದನ್ನು ತಾನೇ ಮಾಡುವ ಡಾಕಿಂಗ್ ಕಂಪ್ಯೂಟರ್ 1500 ಕ್ರೆಡಿಟ್ಟಿಗೆ ಸಿಗುತ್ತದೆ. ಈ ಲೋಡು ಮಾರಿದ ದುಡ್ಡಿನಲ್ಲಿ ಅದನ್ನೇ ಕೊಳ್ಳಬೇಕು ಅಂದುಕೊಂಡಿದ್ದೆ. ಕೈ ನಡುಗುತ್ತಿತ್ತು. ಮಗ್ಗುಲು ಒಂದು ಚೂರು ಜಾಸ್ತಿ ತಿರುಗಿಸಿದೆ. ರೆಕ್ಕೆ ಸೀಳಿನ ಅಂಚಿಗೆ ಬಡಿಯಿತು. ಮೂವರು ಕಳ್ಳರಿಂದ ಉಳಿದ ಮಾಲು ಬಾಗಿಲಲ್ಲಿ ಹೋಯಿತು. ಚಿಕ್ಕಪ್ಪನಿಗೆ ಹೇಳಿದರೆ ನಗಲಿಲ್ಲ. "ಘಾಟಿ ಇಳಿದವನು ಊರ ಬಾಗಿಲಲ್ಲೇ ಗುದ್ದೋದು" ಅಂದರು.

ಸರಕಿನ ಪಟ್ಟಿಯಲ್ಲಿ ಇನ್ನೂ ಕೆಲವು ಇವೆ: ಬಂದೂಕು, ಮಾದಕ ವಸ್ತು, ಗುಲಾಮರು. ಲಾಭ ಇದೆ, ಆದರೆ ಇವನ್ನು ಸಾಗಿಸಿದರೆ ಪೊಲೀಸರ ವೈಪರ್ ಹಡಗುಗಳು ಬೆನ್ನು ಹತ್ತುತ್ತವೆ. 'ಗುಲಾಮರು' ಎನ್ನುವ ಸಾಲು ಅಕ್ಕಿ ಬೇಳೆಯ ನಡುವೆ ಟನ್ ಲೆಕ್ಕದಲ್ಲಿ ಕೂತಿರುವುದು ನೋಡಿದರೆ ಈಗ ಹೊಟ್ಟೆ ತೊಳಸುತ್ತದೆ. ಹುಡುಗನಾಗಿದ್ದಾಗ ಬರೀ ಬೆಲೆ ನೋಡಿದ್ದೆ. ಅದನ್ನು ಇಲ್ಲಿ ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಲೆಕ್ಕ ತಪ್ಪಿದರೆ ಯುದ್ಧ ಅನ್ನುವುದಕ್ಕೆ ದೊಡ್ಡ ಉದಾಹರಣೆ ಬೇರೆ ಆಟದಲ್ಲಿದೆ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ಬಿಟ್ಟ ಈವ್ ಆನ್‌ಲೈನ್. ಅಲ್ಲಿ ಕಳ್ಳರೂ ಮನುಷ್ಯರೇ, ವ್ಯಾಪಾರಿಗಳೂ ಮನುಷ್ಯರೇ, ಸಾವಿರಾರು ಜನ ಒಂದೇ ಲೋಕದಲ್ಲಿ ಆಡುತ್ತಾರೆ. 2014ರ ಜನವರಿ 27ರಂದು ಒಂದು ಬಣ ಬಿ-ಆರ್5ಆರ್‌ಬಿ ಎಂಬ ನಕ್ಷತ್ರದ ನೆಲೆಗೆ ಕಟ್ಟಬೇಕಿದ್ದ ಕಂದಾಯ ಕಟ್ಟದೆ ಹೋಯಿತು. ಹಕ್ಕು ಬಿದ್ದುಹೋಯಿತು. ಎದುರಿನ ಬಣ ನುಗ್ಗಿತು. 21 ಗಂಟೆ ಕಾಳಗ ನಡೆಯಿತು. ಜನ ಎಷ್ಟು ಸೇರಿದರೆಂದರೆ, ಸರ್ವರ್ ತಡೆದುಕೊಳ್ಳಲಿ ಅಂತ ಆಟದೊಳಗಿನ ಕಾಲವನ್ನೇ ಹತ್ತರಲ್ಲಿ ಒಂದು ಪಾಲಿಗೆ ಇಳಿಸಬೇಕಾಯಿತು. ಟೈಟನ್ ಎನ್ನುವ ಅತಿ ದೊಡ್ಡ ಹಡಗುಗಳು 75 ನಾಶವಾದವು. ಒಂದೊಂದನ್ನೂ ಆಟಗಾರರು ತಿಂಗಳುಗಟ್ಟಲೆ ಅದಿರು ಅಗೆದು ಕಟ್ಟಿದ್ದರು. ಆದ ನಷ್ಟವನ್ನು ನಿಜವಾದ ದುಡ್ಡಿಗೆ ತಿರುಗಿಸಿದರೆ ಮೂರು ಲಕ್ಷ ಡಾಲರ್ ಆಗುತ್ತದೆ ಅಂತ ಲೆಕ್ಕ ಹಾಕಿದರು. ಸಿಸಿಪಿ ಅವುಗಳ ಅವಶೇಷವನ್ನು ಅಲ್ಲೇ ಸ್ಮಾರಕವಾಗಿ ಬಿಟ್ಟಿದೆ. ಇಷ್ಟಕ್ಕೂ ಕಾರಣ ಒಂದು ಕಟ್ಟದ ಬಿಲ್ಲು!

ಬ್ರೇಬೆನ್ ಅವರ ಕಂಪನಿ 2014ರ ಡಿಸೆಂಬರಿನಲ್ಲಿ ಎಲೀಟ್ ಡೇಂಜರಸ್ ಬಿಟ್ಟಿತು. ನಮ್ಮ ಕ್ಷೀರಪಥವೇ ಅದರ ಲೋಕ, 40,000 ಕೋಟಿ ನಕ್ಷತ್ರ ವ್ಯವಸ್ಥೆ. ಅಷ್ಟು ದೊಡ್ಡ ಕಡೆ ಎಣ್ಣೆ ಮುಗಿದು ನಿಂತರೆ ಏನು ಗತಿ? ಅದಕ್ಕೆ ಫ್ಯೂಯಲ್ ರ‍್ಯಾಟ್ಸ್ ಅಂತ ಆಟಗಾರರದೇ ಒಂದು ಗುಂಪು ಇದೆ. ನೀವು ಕರೆದರೆ ಯಾರೋ ಗುರುತಿಲ್ಲದವರು ದೂರದಿಂದ ಬಂದು ಇಂಧನ ತುಂಬಿ ಹೋಗುತ್ತಾರೆ, ದುಡ್ಡು ಕೇಳುವುದಿಲ್ಲ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಗೆ ಇನ್ನೊಂದು ಲಾರಿಯವನು ನಿಲ್ಲಿಸುತ್ತಾನಲ್ಲ, ಅದೇ.

ಆಡಬೇಕು ಅನ್ನಿಸಿದವರಿಗೆ ಒಂದು ಮಾತು. ಊಲೈಟ್ ಅಂತ ಹಳೆಯ ಎಲೀಟಿನ ಮಾದರಿಯಲ್ಲೇ ಮಾಡಿದ ಆಟ ಉಚಿತವಾಗಿ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಅದೇ ಲೇವ್, ಅದೇ 100 ಕ್ರೆಡಿಟ್. ಮೊದಲ ದಿನ ವ್ಯಾಪಾರ ಬೇಡ. ಖಾಲಿ ಹಡಗು ತೆಗೆದುಕೊಂಡು ನಿಲ್ದಾಣದಿಂದ ಹೊರಗೆ ಬನ್ನಿ, ತಿರುಗಿ ಒಳಗೆ ಹೋಗಿ. ಹತ್ತು ಸಲ ಮಾಡಿ. ಹೊಡೆದರೂ ಹೋಗುವುದು ಏನಿಲ್ಲ. ಹನ್ನೊಂದನೆಯ ಸಲ ಆಹಾರ ತುಂಬಿ.

ಬರುವಾಗ ಖಾಲಿ ಬರಬೇಡಿ, ನಮ್ಮ ಚಿಕ್ಕಪ್ಪ ಬೈಯುತ್ತಾರೆ.