ಸಪೂರ ರೈಟರಿಗೆ ಶುಗರ್, ದಪ್ಪ ಮಾವನಿಗೆ ಇಲ್ಲ: ಯಾಕೆ?

(ದೃಶ್ಯ: ಮದುವೆ ಮನೆಯ ಊಟದ ಸಾಲು. ಅಕ್ಕಿಯ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ ಬಡಿಸುತ್ತಿದ್ದಾರೆ.)

ಕೊಡಗಿನ ಯಾವ ಮದುವೆಗಾದರೂ ಹೋಗಿ, ಊಟದ ಹೊತ್ತಿಗೆ ಇಂಥದ್ದೊಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

"ರೈಟರೇ, ಇಷ್ಟು ಸಪೂರ ಇದ್ದೀರಿ, ನಿಮಗೆಂಥ ಶುಗರ್?"

"ಎಂಥ ಮಾಡೋದು ಮಾವ, ಮಾತ್ರೆ ಶುರುವಾಗಿ ಆಯ್ತು. ನೀವು ನೋಡಿ, ಇಷ್ಟು ದಪ್ಪ ಇದ್ದೂ ಆರಾಮ!"

ಇಬ್ಬರನ್ನೂ ಲೆಕ್ಕಕ್ಕೆ ತಗೊಳ್ಳೋಣ. ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ಐದಡಿ ಆರಿಂಚು, 62 ಕೆ.ಜಿ. ಮಾವ ಒಂದು ಕಾಲದಲ್ಲಿ ಹಾಕಿ ಆಡಿದವರು, ಐದಡಿ ಎಂಟಿಂಚು, 80 ಕೆ.ಜಿ. ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ (ಬಾಡಿ ಮಾಸ್ ಇಂಡೆಕ್ಸ್) ಸಿಗುತ್ತದೆ. ರೈಟರದ್ದು 22, ಮಾವನದ್ದು ಹತ್ತಿರ ಹತ್ತಿರ 27. ಕಾಗದದ ಮೇಲೆ ರೈಟರು ಪಾಸ್, ಮಾವ ಫೇಲ್. ರಕ್ತದ ವರದಿ ಮಾತ್ರ ಉಲ್ಟಾ.

(ದೃಶ್ಯ: ಪರದೆಯ ಮೇಲೆ ಬಿಎಂಐ ಲೆಕ್ಕ.)

ಈ ಸೂತ್ರ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. 1830ರ ದಶಕದಲ್ಲಿ ಬೆಲ್ಜಿಯಮ್ಮಿನ ಗಣಿತಜ್ಞ ಅಡಾಲ್ಫ್ ಕ್ವೆಟ್ಲೆ ಎಂಬಾತ ಜನಸಮೂಹದ ಸರಾಸರಿ ಮೈಕಟ್ಟು ಹೇಗಿರುತ್ತದೆ ಎಂದು ಹುಡುಕುತ್ತ ಕಂಡುಕೊಂಡ ಲೆಕ್ಕ ಅದು. ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಬಿಎಂಐ ಅಂತ ಹೆಸರು ಕೊಟ್ಟದ್ದು 1972ರಲ್ಲಿ. ಸಾವಿರಾರು ಜನರನ್ನು ಒಟ್ಟಿಗೆ ನೋಡುವಾಗ ಅದು ಒಳ್ಳೆಯ ಲೆಕ್ಕವೇ. ನಿಮ್ಮೊಬ್ಬರ ಹೊಟ್ಟೆಯೊಳಗೆ ಏನಿದೆ ಅನ್ನೋದು ಅದಕ್ಕೆ ಗೊತ್ತಾಗೋದಿಲ್ಲ. ಮೂಳೆ, ಸ್ನಾಯು, ಕೊಬ್ಬು ಎಲ್ಲವೂ ಅದಕ್ಕೆ ಬರೀ ಕೆ.ಜಿ.

ಹಾಗಾದರೆ ಒಳಗೆ ನಡೆಯೋದೇನು?

ತೋಟದವರಿಗೆ ಇದನ್ನು ಹೇಳೋದು ಸುಲಭ. ಕಾಫಿ ಒಣಗಿಸಿ ಮೂಟೆ ಕಟ್ಟಿ ಗೋಡೌನಿಗೆ ಹಾಕುತ್ತೀರಿ. ಗೋಡೌನ್ ದೊಡ್ಡದಿದ್ದರೆ ಎಷ್ಟು ಮೂಟೆ ಬಂದರೂ ಮನೆಗೆ ತೊಂದರೆ ಇಲ್ಲ. ಚಿಕ್ಕದಿದ್ದು ತುಂಬಿಹೋದರೆ ಮೂಟೆಗಳು ಜಗಲಿಗೆ ಬರುತ್ತವೆ, ಆಮೇಲೆ ನಡುಮನೆಗೆ, ಕೊನೆಗೆ ಅಡುಗೆಮನೆಗೆ. ದೇಹದ ಗೋಡೌನ್ ಅಂದರೆ ಚರ್ಮದ ಕೆಳಗಿನ ಕೊಬ್ಬು, ಅಂದರೆ ತೊಡೆ, ಸೊಂಟ, ತೋಳಿನದ್ದು. ಅಲ್ಲಿ ಜಾಗ ಮುಗಿದರೆ ಉಳಿದದ್ದು ಕರುಳಿನ ಸುತ್ತ, ಲಿವರಿನೊಳಗೆ, ಇನ್ಸುಲಿನ್ ತಯಾರಿಸುವ ಪ್ಯಾಂಕ್ರಿಯಾಸಿನೊಳಗೆ ಸೇರಿಕೊಳ್ಳುತ್ತದೆ.

ಲಿವರಿಗೆ ಒಂದು ಕೆಲಸ ಇದೆ. ರಾತ್ರಿ ನೀವು ಮಲಗಿರುವಾಗ ಅದು ಸ್ವಲ್ಪ ಸ್ವಲ್ಪವೇ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಸಾಕು ನಿಲ್ಲಿಸು ಅಂತ ಹೇಳೋದು ಇನ್ಸುಲಿನ್ ಅನ್ನುವ ಹಾರ್ಮೋನ್. ಕೊಬ್ಬು ತುಂಬಿದ ಲಿವರ್ ಆ ಮಾತು ಕೇಳೋದಿಲ್ಲ. ರಾತ್ರಿ ಊಟ ಬಿಟ್ಟರೂ ಬೆಳಗ್ಗೆ ಖಾಲಿಹೊಟ್ಟೆಯ ಶುಗರ್ ಏರಿರುತ್ತದಲ್ಲ, ಅದರ ಹಿಂದೆ ಹೆಚ್ಚಿನ ಸಲ ಇರೋದು ಇದೇ. ಅದೇ ಲಿವರ್ ಹೆಚ್ಚುವರಿ ಕೊಬ್ಬನ್ನು ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ತಳ್ಳುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಅನ್ನಿಸಿಕೊಂಡ ಎಚ್‌ಡಿಎಲ್ ಇಳಿಯುತ್ತದೆ.

ಕೊಬ್ಬೇ ಖಳನಾಯಕ ಅಂದುಕೊಳ್ಳುವವರಿಗೆ ಒಂದು ವಿಷಯ. ಲಿಪೊಡಿಸ್ಟ್ರೋಫಿ ಅಂತ ಒಂದು ಅಪರೂಪದ ಕಾಯಿಲೆ ಇದೆ. ಅದು ಪೂರ್ತಿ ಬಂದವರ ಚರ್ಮದ ಕೆಳಗೆ ಕೊಬ್ಬೇ ಇರೋದಿಲ್ಲ. ನೋಡಲು ಬಹಳ ಸಪೂರ. ಅವರಿಗೆ ಬರುವ ಶುಗರ್ ಮತ್ತು ಫ್ಯಾಟಿ ಲಿವರ್ ಬಲು ಗಟ್ಟಿ, ಯಾಕೆಂದರೆ ಕೊಬ್ಬನ್ನು ಇಡಲು ಸರಿಯಾದ ಜಾಗವೇ ಅವರಲ್ಲಿಲ್ಲ.

(ದೃಶ್ಯ: ಒಂದೇ ಬಿಎಂಐ ಇರುವ ಇಬ್ಬರ ರೇಖಾಚಿತ್ರ, ಪಕ್ಕದಲ್ಲಿ ಕೊಬ್ಬಿನ ಶೇಕಡಾವಾರು.)

ನಮ್ಮ ಕಡೆಯವರ ಗೋಡೌನ್ ಸಾಮಾನ್ಯವಾಗಿ ಚಿಕ್ಕದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೋ ಹಾಕಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ಇಂಥ ಕಾರಣಗಳಿಗೇ ಭಾರತೀಯರಿಗೆ ಹೆಚ್ಚು ತೂಕದ ಗೆರೆಯನ್ನು 25ರ ಬದಲು 23ಕ್ಕೆ, ಬೊಜ್ಜಿನ ಗೆರೆಯನ್ನು 30ರ ಬದಲು 25ಕ್ಕೆ ಇಳಿಸಿದ್ದು.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಶುಗರ್ ಸಮೀಕ್ಷೆಯಲ್ಲಿ ಬಿಎಂಐ ಪ್ರಕಾರ ಬೊಜ್ಜಿದ್ದವರು ಶೇ. 28.6, ಸೊಂಟದ ಅಳತೆ ಪ್ರಕಾರ ಹೊಟ್ಟೆಯ ಬೊಜ್ಜಿದ್ದವರು ಶೇ. 39.5. ನಡುವಿನ ಅಂತರ ನೋಡಿ. ತೂಕದ ಮಿಷನ್ ಸರಿ ಇದ್ದೀರಿ ಅಂದ ಎಷ್ಟೋ ಜನರನ್ನು ಟೇಪು ಹಿಡಿದುಹಾಕಿದೆ.

ಹಾಗಂತ ಮಾವ ಗೆದ್ದರು ಅಂತಲ್ಲ. ದಪ್ಪಗಿದ್ದೂ ಶುಗರ್, ಬಿಪಿ, ಕೊಲೆಸ್ಟರಾಲ್ ಎಲ್ಲ ಸರಿ ಇರುವವರು ನಿಜವಾಗಿಯೂ ಇದ್ದಾರೆ. ಆದರೆ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರೆ ಅವರಲ್ಲಿ ಬಹಳಷ್ಟು ಜನ ಆ ಸ್ಥಿತಿಯಲ್ಲಿ ಉಳಿಯುವುದಿಲ್ಲ. ಒಟ್ಟು ಜನರನ್ನು ತೆಗೆದುಕೊಂಡರೆ ತೂಕ ಏರಿದಷ್ಟೂ ಅಪಾಯ ಏರುತ್ತದೆ, ಅದರಲ್ಲಿ ಅನುಮಾನ ಬೇಡ. ಮಾವನನ್ನು ಇಷ್ಟು ದಿನ ಕಾಪಾಡಿದ್ದು ಬಹುಶಃ ಹಾಕಿ ಕಟ್ಟಿಕೊಟ್ಟ ತೊಡೆಯ ಸ್ನಾಯು. ಊಟದ ನಂತರ ರಕ್ತದ ಸಕ್ಕರೆಯನ್ನು ಅತಿ ಹೆಚ್ಚು ಎಳೆದುಕೊಳ್ಳುವುದು ಸ್ನಾಯುವೇ. ಆಟ ಬಿಟ್ಟು, ಮೈದಾನದ ಬದಿಯಲ್ಲಿ ಕುರ್ಚಿಯಲ್ಲಿ ಕೂತು ಕೊಡವ ಮನೆತನಗಳ ಕೌಟುಂಬಿಕ ಹಾಕಿ ನೋಡುವ ವಯಸ್ಸಿಗೆ ಬಂದಾಗ ಆ ಸ್ನಾಯು ಕರಗುತ್ತದೆ, ಊಟ ಕರಗುವುದಿಲ್ಲ.

(ದೃಶ್ಯ: ಪಾಳು ಬಿದ್ದ ಗದ್ದೆ, ಪಕ್ಕದ ರಸ್ತೆಯಲ್ಲಿ ಜೀಪು.)

ನಮ್ಮಲ್ಲಿ ಆಗಿರುವುದೂ ಅದೇ. ಗದ್ದೆ ಉತ್ತು ನಾಟಿ ಮಾಡಿದ ಮೈಗೆ ಬೆಳಗ್ಗೆ ಅಕ್ಕಿ ಒಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ನೂಪುಟ್ಟು ಭಾರ ಆಗುತ್ತಿರಲಿಲ್ಲ. ಈಗ ಎಷ್ಟೋ ಗದ್ದೆ ಪಾಳು, ತೋಟದ ಗೇಟಿಗೂ ಸ್ಕೂಟರ್, ಅಕ್ಕಿಯ ಲೆಕ್ಕ ಮಾತ್ರ ಹಾಗೇ ಇದೆ. ಅದರ ಜೊತೆ ದಿನಕ್ಕೆ ನಾಲ್ಕೈದು ಲೋಟ ಬೆಲ್ಲದ ಕಾಫಿ. ಬೆಲ್ಲ ಅಂದ ಮಾತ್ರಕ್ಕೆ ಶುಗರ್ ಸುಮ್ಮನಿರುವುದಿಲ್ಲ. ಪಂದಿ ಕರಿಯ ಮೇಲೆ ಎಲ್ಲ ತಪ್ಪು ಹೊರಿಸುತ್ತೇವೆ. ಅದರ ಕೊಬ್ಬು ಮಿತಿಯಲ್ಲಿರಬೇಕು, ಒಪ್ಪಿದೆ. ಪಕ್ಕದಲ್ಲಿರುವ ಗ್ಲಾಸಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡೋದಿಲ್ಲ. ಟ್ರೈಗ್ಲಿಸರೈಡ್ ಏರಿಸುವುದರಲ್ಲಿ, ಲಿವರಿಗೆ ಕೊಬ್ಬು ತುಂಬಿಸುವುದರಲ್ಲಿ ಮದ್ಯ ಯಾರಿಗೂ ಕಡಿಮೆ ಇಲ್ಲ.

ಇನ್ನು ಡಾಕ್ಟರು ಬೆಳಗ್ಗೆ ಐದಕ್ಕೆ ವಾಕಿಂಗ್ ಹೋಗಿ ಅಂತಾರೆ. ಸಿದ್ದಾಪುರದ ಕಡೆ ತೋಟದ ದಾರಿಯಲ್ಲಿ ಆ ಹೊತ್ತಿಗೆ ಎದುರಾಗೋದು ಆನೆ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೇರೆ. ಹಾಗಾಗಿ ಕೊಡಗಿನವರಿಗೆ ನಾನು ಹೇಳೋದು ಬೇರೆ: ಊಟ ಮುಗಿಸಿ ಕುರ್ಚಿ ಹಿಡಿಯಬೇಡಿ. ಮನೆಯೊಳಗೇ ಹತ್ತು ಹದಿನೈದು ನಿಮಿಷ ಓಡಾಡಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ, ಕುರ್ಚಿಯಿಂದ ಎದ್ದು ಕೂತು ಮಾಡಿ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ ನೆರವಿಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ.

ತೂಕ ಇಳಿಯಲೇ ಇಲ್ಲ ಅಂತ ಅರ್ಧಕ್ಕೆ ಬಿಡುವವರು ಇದನ್ನು ಕೇಳಿ. 2006ರಲ್ಲಿ ಪ್ರಕಟವಾದ ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ಅಧ್ಯಯನದಲ್ಲಿ ಶುಗರಿನ ಗಡಿಯಲ್ಲಿದ್ದವರನ್ನು ಸುಮಾರು ಮೂರು ವರ್ಷ ನೋಡಿದರು. ಏನೂ ಬದಲಾಯಿಸದ ಗುಂಪಿನಲ್ಲಿ ಶೇ. 55 ಜನರಿಗೆ ಕಾಯಿಲೆ ಬಂತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ ಶೇ. 39. ಈ ಗುಂಪಿನ ಸರಾಸರಿ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ!

ಹಾಗಾದರೆ ತೂಕ ಇಳಿಸೋದೇ ಬೇಡವಾ? ಬೇಕು, ಸಪೂರ ಇರುವವರಲ್ಲೂ ಕೆಲವರಿಗೆ ಬೇಕು. ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ ಪ್ರೊ. ರಾಯ್ ಟೇಲರ್ ತಂಡ ಬಿಎಂಐ 27ಕ್ಕಿಂತ ಕಡಿಮೆ ಇದ್ದ 20 ಮಂದಿ ಶುಗರ್ ರೋಗಿಗಳ ತೂಕವನ್ನು ಸರಾಸರಿ ಶೇ. 10ರಷ್ಟು ಇಳಿಸಿತು. 14 ಮಂದಿ ಮಾತ್ರೆ ಇಲ್ಲದೆ ಸಾಮಾನ್ಯ ಮಟ್ಟಕ್ಕೆ ಬಂದರು, ಲಿವರಿನ ಕೊಬ್ಬೂ ಇಳಿದಿತ್ತು. ಚಿಕ್ಕ ಅಧ್ಯಯನ, ನಿಜ. ಆದರೂ ರೈಟರಿಗೆ ಇದು ಒಳ್ಳೆಯ ಸುದ್ದಿಯೇ.

(ದೃಶ್ಯ: ಟೇಪು ಹಿಡಿದು ಅಳತೆ ತೋರಿಸುವುದು.)

ಅಳೆಯೋದು ಹೇಗೆ? ಪ್ಯಾಂಟಿನ ಸೈಜು ನಂಬಬೇಡಿ, ಗಂಡಸರು ಅದನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತಾರೆ. ಕೊಡವ ಉಡುಪಿನ ನಡುಪಟ್ಟಿ ಚೇಲೆಯನ್ನೂ ನಂಬಬೇಡಿ, ಅದು ಹೊಟ್ಟೆಯನ್ನು ಬಿಗಿದು ಮುಚ್ಚಿಡುತ್ತದೆ. ನೇರ ನಿಂತು, ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಹಿಡಿಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗೆರೆ. ಜೊತೆಗೆ ನಾಲ್ಕು ಸಂಖ್ಯೆ: ಬಿಪಿ 130/85, ಫಾಸ್ಟಿಂಗ್ ಶುಗರ್ 100, ಟ್ರೈಗ್ಲಿಸರೈಡ್ 150. ಈ ಮೂರೂ ಇದಕ್ಕಿಂತ ಕೆಳಗಿರಬೇಕು. ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ರ ಮೇಲಿರಬೇಕು. ಸೊಂಟವೂ ಸೇರಿ ಐದರಲ್ಲಿ ಮೂರು ಕೆಟ್ಟಿದ್ದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ, ತೂಕ ಎಷ್ಟೇ ಇರಲಿ.

ಶುಗರಿಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಈ ವಿಡಿಯೋ ನೋಡಿ ನಾಳೆಯೇ ಊಟ ಅರ್ಧ ಮಾಡಬೇಡಿ, ಶುಗರ್ ಕುಸಿದು ಬೀಳಬಹುದು. ಡೋಸ್ ಬಗ್ಗೆ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಇನ್ನು ಏನೂ ಮಾಡದೆ ತೂಕ ತಾನಾಗಿ ಸರಸರ ಇಳಿಯುತ್ತಿದ್ದು, ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಟೇಪು ಬದಿಗಿಡಿ. ಅದು ಬೇರೆ ವಿಷಯ, ಅವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಕೊಡಿ.