ದೊಡ್ಡಮ್ಮನ ಉದ್ದದ ಶನಿವಾರ

ಕೇಳುಗರಿಗೆಲ್ಲ ನಮಸ್ಕಾರ.

ಸ್ಯಾನ್ ಫ್ರಾನ್ಸಿಸ್ಕೋದ ಮಗಳ ಮನೆಗೆ ಹೊರಟಿದ್ದ ನಮ್ಮ ದೊಡ್ಡಮ್ಮ ಒಂದು ದಿನ ಕೇಳಿದರು, "ಅದು ಎಷ್ಟು ದೂರ ಆಗುತ್ತೋ?" ಸುಮಾರು 14,000 ಕಿಲೋಮೀಟರ್ ಅಂದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಬೆಂಗಳೂರಿನಿಂದ ಬೀದರಿಗೆ ಇಪ್ಪತ್ತು ಸಲ ಹೋದಷ್ಟು ಅಂದಾಗ "ಅಯ್ಯೋ ರಾಮ" ಅಂದರು.

ಹೂ ಕಟ್ಟುವ ದಾರ ತಂದೆ. ಮನೆಯಲ್ಲಿ 30 ಸೆಂಟಿಮೀಟರ್ ಅಗಲದ ಒಂದು ಗ್ಲೋಬ್ ಇದೆ. ಎರಡೂ ಊರಿಗೆ ದಾರ ಬಿಗಿಯಾಗಿ ಎಳೆದು ಹಿಡಿದೆ. ಅಮೆರಿಕ ಪಶ್ಚಿಮಕ್ಕೆ ಅಲ್ವಾ? ದಾರ ಮಾತ್ರ ನೆಟ್ಟಗೆ ಉತ್ತರಕ್ಕೆ ಹತ್ತಿತು. ಹಿಮಾಲಯ, ಮಂಗೋಲಿಯಾ, ಸೈಬೀರಿಯಾ ದಾಟಿ ಅಲಾಸ್ಕಾದ ಮೇಲೆ ಇಳಿಯಿತು. ಉದ್ದ ಸುಮಾರು 33 ಸೆಂಟಿಮೀಟರ್. ವಿಮಾನ ಹಾರುವ ಎತ್ತರ ಆ ಗ್ಲೋಬಿನ ಮೇಲೆ ಎಷ್ಟು ಗೊತ್ತಾ? ಕಾಲು ಮಿಲಿಮೀಟರ್. ದಾರದ ದಪ್ಪಕ್ಕಿಂತ ಜಾಸ್ತಿ ಇರಲಾರದು.

ಆದರೆ ವಿಮಾನ ದಾರದ ಮೇಲೆಯೇ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ತಪ್ಪಿದರೆ ಬೇಗ 10,000 ಅಡಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ! ಹಾಗಾಗಿ ಆ ಕಡೆ ಸುಮ್ನೆ ನುಗ್ಗುವುದಿಲ್ಲ. ಇನ್ನೊಂದು, ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಗಾಳಿ. ಪೆಸಿಫಿಕ್ ಸಾಗರದ ಮೇಲೆ ಅದು ಬೆನ್ನಿಗೆ ಸಿಕ್ಕರೆ ಗಂಟೆಗೆ ನೂರು ಕಿಲೋಮೀಟರ್‌ಗೂ ಜಾಸ್ತಿ ವೇಗ ಪುಕ್ಕಟೆ. ದಾರಿ ಉದ್ದವಾದರೂ ಹೊತ್ತು ಉಳಿಯುತ್ತದೆ. ಎದುರಿಗೆ ಸಿಕ್ಕರೆ ಅಷ್ಟೂ ನಷ್ಟ.

ಬರುವಾಗಿನ ದಾರಿ ಬೇರೆಯೇ ಇರಬಹುದು. 2021ರ ಜನವರಿ 9, ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾರಿ, ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂತು. ನಡೆಸಿದ್ದು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯವರು. ಪೈಲಟ್‌ಗಳೆಲ್ಲ ಹೆಂಗಸರೇ. ಹಾರಾಟ ಸುಮಾರು 17 ಗಂಟೆ. ಇಳಿದಾಗ ಇಲ್ಲಿ ಸೋಮವಾರ ಬೆಳಗಿನ ಜಾವ. ಪಾಪ, ಭಾನುವಾರವೆಲ್ಲ ಆಕಾಶದಲ್ಲೇ ಕಳೆಯಿತು.

ಹೋಗುವಾಗ ಉಲ್ಟಾ. ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಹದಿನಾರೂವರೆ ಗಂಟೆ ಹಾರಿದರೆ, ಅಲ್ಲಿ ಅದೇ ದಿನ ಸಂಜೆ 5.

ನಮ್ಮ ದೊಡ್ಡಮ್ಮ ಹೊರಟಿದ್ದು ಒಂದು ಶನಿವಾರ. ಅವರು ಶನಿವಾರ ಒಪ್ಪತ್ತು, ಒಂದೇ ಹೊತ್ತು ಊಟ. ಅದನ್ನು ಬೆಳಿಗ್ಗೆಯೇ ಮನೆಯಲ್ಲಿ ಮುಗಿಸಿದ್ದರು. ತಲುಪಿದ ಮೇಲೆ ಫೋನ್ ಮಾಡಿದರು. "ಇಲ್ಲಿ ಇನ್ನೂ ಶನಿವಾರವೇ ಅಂತೆ ಕಣೋ!" ಲೆಕ್ಕ ಹಾಕಿದೆ. ಅವರ ಶನಿವಾರ ಮೂವತ್ತೇಳೂವರೆ ಗಂಟೆಯದು. ಇಲ್ಲಿ ಭಾನುವಾರ ಬೆಳಗಾಗಿದೆ, ಊಟ ಮಾಡಿ ಅಂದೆ. ಒಪ್ಪಲಿಲ್ಲ. ಎರಡು ಬಾಳೆಹಣ್ಣು ತಿಂದು ಮಲಗಿದರಂತೆ.