ಹಳೇ ಕನ್ನಡ ಫೈಲ್ ತೆರೆದ್ರೆ ಅಕ್ಷರ ಯಾಕೆ ಕಾಣಲ್ಲ?

[ಪರದೆ: ಒಂದು ಸಿಡಿ. ಮೇಲೆ ಮಾರ್ಕರ್ ಪೆನ್ನಲ್ಲಿ ಬರೆದಿದೆ: ‘ಅಂಟಿಕೆ ಪಂಟಿಕೆ 2003’]

ಈ ಸಿಡಿ ನಮ್ಮ ಚಿಕ್ಕಪ್ಪಂದು. ತೀರ್ಥಹಳ್ಳಿ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ರು. ದೀಪಾವಳಿ ರಾತ್ರಿ ದೀಪ ಹಿಡ್ಕೊಂಡು ಮನೆಮನೆಗೆ ಬರ್ತಾರಲ್ಲ ಅಂಟಿಕೆ ಪಂಟಿಕೆಯವರು, ಅವರ ಹಾಡುಗಳನ್ನ ಊರೂರು ತಿರುಗಿ ಬರ್ಕೊಂಡಿದ್ರು. ಆಮೇಲೆ ಶಾಲೆ ಕಂಪ್ಯೂಟರ್ ಮುಂದೆ ಕೂತು, ಒಂದೊಂದೇ ಕೀ ಹುಡುಕಿ ಟೈಪ್ ಮಾಡಿ, ಸಿಡಿಗೆ ಹಾಕಿಸಿ, ಬೀರುವಲ್ಲಿ ಭದ್ರವಾಗಿ ಇಟ್ಟಿದ್ರು. ಅವರಿಗೆ ಹಾಡು ಹೇಳಿಕೊಟ್ಟವರಲ್ಲಿ ಎಷ್ಟೋ ಜನ ಈಗ ಇಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆ ಸಿಡಿನ ನನ್ನ ಲ್ಯಾಪ್‌ಟಾಪಿಗೆ ಹಾಕಿದ್ವಿ. ಫೈಲೇನೋ ತೆರೀತು. ಆದ್ರೆ ಪುಟದ ತುಂಬಾ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ತಲೆ ಮೇಲೆ ಗೆರೆ ಇರೋ ಯಾವ್ಯಾವ್ದೋ ಯುರೋಪಿನ ಅಕ್ಷರ. ಚಿಕ್ಕಪ್ಪ ಕನ್ನಡಕ ಸರಿ ಮಾಡ್ಕೊಂಡು, “ಏನೋ ಇದು ಮಾರಾಯ, ವೈರಸ್ ಹೊಕ್ಕಿದ್ಯಾ?” ಅಂದ್ರು. “ಇಲ್ಲ ಚಿಕ್ಕಪ್ಪ, ಫೈಲ್ ನೀವು ಇಟ್ಟ ಹಾಗೇ ಇದೆ” ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಫೈಲ್ ಸರಿ ಇದ್ರೆ ಹಾಡು ಎಲ್ಲಿ ಹೋಯ್ತು?

ಈ ವಿಡಿಯೋ ಆ ಪ್ರಶ್ನೆಗೆ ಉತ್ತರ. ನಿಮ್ಮ ಮನೆಯಲ್ಲೂ ಇಂಥ ಒಂದು ಸಿಡಿ, ಒಂದು ಹಳೇ ಹಾರ್ಡ್ ಡಿಸ್ಕ್ ಇರಬಹುದು. ತಾತನ ಆತ್ಮಕಥೆ, ಸಂಘದ ಸ್ಮರಣ ಸಂಚಿಕೆ, ಯಾರದ್ದೋ ಪಿಎಚ್‌ಡಿ ಪ್ರಬಂಧ.

[ಪರದೆ: ‘ಕನ್ನಡ’ ಎಂಬ ಪದ ದೊಡ್ಡದಾಗಿ]

ಚಿಕ್ಕಪ್ಪನ ಈ ಹಳೇ ಫೈಲ್ ಒಳಗೆ ‘ಕನ್ನಡ’ ಅನ್ನೋ ಪದ ಹೇಗೆ ಕೂತಿರುತ್ತೆ ನೋಡೋಣ. ಮೊದಲು ಇಂಗ್ಲಿಷಿನ ದೊಡ್ಡ ಪಿ. ಪಕ್ಕದಲ್ಲಿ ತಲೆ ಮೇಲೆ ಓರೆ ಗೆರೆ ಇರೋ ಎ. ಆಮೇಲೆ ಪೌಂಡ್ ಚಿಹ್ನೆ. ಮತ್ತೆ ಅದೇ ಗೆರೆಯ ಎ. ಆಮೇಲೆ ಜರ್ಮನ್ ಭಾಷೆಯಲ್ಲಿ ಎರಡು ಎಸ್‌ಗೆ ಬದಲಾಗಿ ಬಳಸೋ ಒಂದು ಅಕ್ಷರ. ಆಮೇಲೆ ಸಣ್ಣ ಕ್ಯೂ. ಕೊನೆಗೆ ಮತ್ತೆ ಅದೇ ಎ. ಒಟ್ಟು ಏಳು ಗುರುತು. ಕಂಪ್ಯೂಟರಿಗೆ ಗೊತ್ತಿರೋದು ಇಷ್ಟೇ. ಇದು ಕನ್ನಡ ಅಂತ ಅದಕ್ಕೆ ಯಾರೂ ಹೇಳೇ ಇಲ್ಲ.

ಹಾಗಾದ್ರೆ 2003ರಲ್ಲಿ ಕನ್ನಡ ಕಾಣ್ತಿತ್ತಲ್ಲ? ಕಾಣಿಸ್ತಿದ್ದದ್ದು ಫಾಂಟ್. ದೊಡ್ಡ ಪಿ ಬಂದ ಕಡೆ ‘ಕ’ದ ಮೈ ಬರಿ, ಗೆರೆಯ ಎ ಬಂದ ಕಡೆ ತಲೆಕಟ್ಟು ಹಾಕು, ಜರ್ಮನ್ ಅಕ್ಷರ ಬಂದ ಕಡೆ ನ-ಒತ್ತು ಇಳಿಸು, ಹೀಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದ ಫಾಂಟ್. ಅದು ಇದ್ದ ಕಂಪ್ಯೂಟರಲ್ಲಿ ಕನ್ನಡ. ಇಲ್ಲದ ಕಂಪ್ಯೂಟರಲ್ಲಿ ಪೌಂಡು, ಗೆರೆ.

ಹೀಗ್ಯಾಕೆ ಮಾಡಿದ್ರು? ಬೇರೆ ದಾರಿ ಇರಲಿಲ್ಲ. ಆ ಕಾಲದ ಫಾಂಟಿನಲ್ಲಿ ಇದ್ದದ್ದೇ 256 ಖಾನೆ, ಅದರಲ್ಲೂ ಒಂದಷ್ಟು ಕಂಪ್ಯೂಟರಿನ ಸ್ವಂತ ಕೆಲಸಕ್ಕೆ ಮೀಸಲು. ನಮ್ಮಲ್ಲಿ ವ್ಯಂಜನ, ಸ್ವರ, ಗುಣಿತ, ಒತ್ತು ಎಲ್ಲ ಸೇರಿದ್ರೆ ರೂಪಗಳು ಸಾವಿರ ದಾಟ್ತವೆ. ಅದಕ್ಕೆ ಅಕ್ಷರಾನ ಚೂರು ಮಾಡಿದ್ರು. ಹಳೇ ಮುದ್ರಣಾಲಯದಲ್ಲಿ ಮೊಳೆ ಜೋಡಿಸ್ತಿದ್ದ ಹಾಗೆ: ಮೈ ಒಂದು ಮೊಳೆ, ಒತ್ತು ಇನ್ನೊಂದು ಮೊಳೆ.

ಈ ಚೂರುಗಳ ಲೆಕ್ಕ ಎಷ್ಟು ಸೊಗಸಾಗಿದೆ ಅಂದ್ರೆ, ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ‘ಮ’ ಅಕ್ಷರ ನೋಡಿ. ‘ವ’ ಬರೆದು ಬಲಗಡೆ ಒಂದು ಕೊಂಬು ಎಳೆದ ಹಾಗೆ ಕಾಣಲ್ವಾ? ಫೈಲ್ ಒಳಗೂ ಅಷ್ಟೇ. ‘ವ’ದ ಚೂರುಗಳು, ಪಕ್ಕದಲ್ಲಿ ಕೊಂಬು, ಆಯ್ತು ‘ಮ’. ಒಂದು ಖಾನೆ ಉಳೀತು! ಆದ್ರೆ ಈಗ ನೀವು ಆ ಫೈಲಲ್ಲಿ ‘ವ’ ಹುಡುಕಿದ್ರೆ ‘ಮ’ಗಳೂ ಸಾಲಾಗಿ ಬಂದು ನಿಲ್ತವೆ. ‘ಕ’ ಮತ್ತು ‘ಕಿ’ ನಮಗೆ ಒಂದೇ ಅಕ್ಷರದ ಎರಡು ರೂಪ. ಫೈಲಲ್ಲಿ ಮೊದಲನೆಯದು ದೊಡ್ಡ ಪಿ, ಎರಡನೆಯದು ದೊಡ್ಡ ಕ್ಯೂ, ಒಂದಕ್ಕೊಂದು ನಂಟೇ ಇಲ್ಲ. ಇನ್ನು ‘ಕರ್ನಾಟಕ’. ನಾವು ಮೊದಲು ‘ರ್’ ಅಂತೀವಿ, ಆಮೇಲೆ ‘ನಾ’ ಅಂತೀವಿ. ಫೈಲಲ್ಲಿ ‘ನಾ’ ಮೊದಲು, ಅರ್ಕಾವೊತ್ತು ಅದರ ಹಿಂದೆ, ಕಣ್ಣಿಗೆ ಕಾಣೋ ಸಾಲಿನಲ್ಲೇ. ಅಂದ್ರೆ ಆ ಫೈಲಲ್ಲಿ ಇರೋದು ಕನ್ನಡದ ಚಿತ್ರ, ಕನ್ನಡದ ಪಠ್ಯ ಅಲ್ಲ. ಅಕಾರಾದಿಯಾಗಿ ಜೋಡಿಸೋಕೆ ಹೋದ್ರೂ ಇಂಗ್ಲಿಷಿನ ಕ್ರಮದಲ್ಲಿ ಜೋಡಿಸುತ್ತೆ.

[ಪರದೆ: 1991, 1998, 2001 ಎಂಬ ಮೂರು ವರ್ಷಗಳು ಒಂದರ ಕೆಳಗೊಂದು]

ಇದಕ್ಕೆ ಪರಿಹಾರ ಯೂನಿಕೋಡ್, ಅಂದ್ರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡೋ ವ್ಯವಸ್ಥೆ. ಅದು 1991ರಲ್ಲೇ ಬಂತು, ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಖಾನೆಗಳ ಸ್ವಂತ ಜಾಗ ಸಿಕ್ತು. ಅಲ್ಲಿ ‘ಕನ್ನಡ’ ಅಂದ್ರೆ ಐದೇ ಗುರುತು: ಕ, ನ, ವಿರಾಮ (‘ನ್’ ಮಾಡೋ ಗುರುತು), ನ, ಡ. ನಾವು ಉಚ್ಚರಿಸೋ ಸಾಲಿನಲ್ಲೇ. ಆದ್ರೆ ಆ ಐದು ಗುರುತನ್ನ ಓದಿ ‘ನ್ನ’ ಅಂತ ಒತ್ತಕ್ಷರ ಕಟ್ಟಿ ಪರದೆ ಮೇಲೆ ತೋರಿಸೋ ಶಕ್ತಿ ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟ್ ಜೊತೆ. ಅದೂ ಸೆಟ್ಟಿಂಗ್ಸ್ ಒಳಗೆ ಹೋಗಿ ಒಂದು ಟಿಕ್ ಹಾಕಿ, ಸಿಡಿ ಇಟ್ರೆ ಮಾತ್ರ.

ಅಲ್ಲಿವರೆಗೂ ಕನ್ನಡಿಗರು ಸುಮ್ಮನೆ ಕೂರಲಿಲ್ಲ. ಕೆ. ಪಿ. ರಾವ್ ಅವರು 26 ಕೀಲಿಗಳಲ್ಲಿ ಇಡೀ ಕನ್ನಡ ಹಿಡಿಸೋ ವಿನ್ಯಾಸ ಮಾಡಿದ್ರು. ಒತ್ತಿದ್ರೆ ಅಲ್ಪಪ್ರಾಣ, ಶಿಫ್ಟ್ ಹಿಡಿದು ಒತ್ತಿದ್ರೆ ಮಹಾಪ್ರಾಣ, ಎಫ್ ಕೀಲಿ ಒತ್ತಕ್ಷರಕ್ಕೆ. ವ್ಯಾಕರಣ ಗೊತ್ತಿದ್ದವರಿಗೆ ಮಾತ್ರ ಹೊಳೆಯೋ ಸರಳತೆ ಅದು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಕೊಟ್ರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶ ಬಂತು. ಸರ್ಕಾರದ ಬೆಂಬಲದಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಂತು. ನಮ್ಮ ಚಿಕ್ಕಪ್ಪನಂಥ ಸಾವಿರಾರು ಜನ ಕೀಬೋರ್ಡ್ ಮುಟ್ಟೋ ಧೈರ್ಯ ಮಾಡಿದ್ದು ಇವರಿಂದ. ಈಗಿನ ಕಣ್ಣಲ್ಲಿ ನೋಡಿ ಆ ಕೆಲಸಾನ ಹಗುರ ಮಾಡೋದನ್ನ ನಾನು ಒಪ್ಪಲ್ಲ.

ನನ್ನ ತಕರಾರು ಬೇರೆ. ಯೂನಿಕೋಡ್ ಕೈಗೆ ಬಂದ ಮೇಲೂ ನಾವು ಹಳೇ ಫಾಂಟ್‌ಗಳಲ್ಲೇ ಬರೀತಾ ಹೋದ್ವಿ. ಇವತ್ತಿಗೂ ಎಷ್ಟೋ ಡಿಟಿಪಿ ಅಂಗಡಿಯಲ್ಲಿ ಪೇಜ್‌ಮೇಕರ್ ಅನ್ನೋ ಹಳೇ ಪುಟವಿನ್ಯಾಸದ ಪ್ರೋಗ್ರಾಂ ತೆರೆದೇ ಇರುತ್ತೆ. ಅದರ ಕೊನೇ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಂಗಡಿಯವರ ಕಷ್ಟ ನನಗೆ ಅರ್ಥ ಆಗುತ್ತೆ. ಕೈ ಪಳಗಿದೆ, ಚೆಂದದ ಶೀರ್ಷಿಕೆ ಫಾಂಟ್‌ಗಳು ಅದರಲ್ಲೇ ಇವೆ, ನಾಳೆ ಬೆಳಿಗ್ಗೆ ಲಗ್ನಪತ್ರಿಕೆ ಕೊಡಬೇಕು. ಲಗ್ನಪತ್ರಿಕೆಗೆ ಅದು ಸಾಕು ಕೂಡ. ಆದ್ರೆ ಅದೇ ಯಂತ್ರದಲ್ಲಿ ಒಂದು ಸಂಶೋಧನಾ ಗ್ರಂಥ, ಒಂದು ಊರಿನ ಇತಿಹಾಸ ಸಿದ್ಧ ಆದಾಗ, ಅಚ್ಚಾದ ಪ್ರತಿ ಮುಗಿದ ದಿನ ಆ ಪುಸ್ತಕಾನೇ ಮುಗೀತು. ಯಾಕಂದ್ರೆ ಉಳಿದಿರೋ ಫೈಲಿನೊಳಗೆ ಪದ ಸರಿಯಾಗಿ ಹುಡುಕೋಕೆ ಬರಲ್ಲ, ಸಾಲುಗಳನ್ನ ಕಾಪಿ ಮಾಡಿ ಬೇರೆ ಕಡೆ ಹಾಕಿದ್ರೆ ಕನ್ನಡ ಉಳಿಯಲ್ಲ, ಕಣ್ಣು ಕಾಣದವರಿಗೆ ಓದಿ ಹೇಳೋ ತಂತ್ರಾಂಶಕ್ಕೆ ಅರ್ಥ ಆಗಲ್ಲ.

ಅದಕ್ಕೇ ನಾನು ಯಾವ ತಂತ್ರಾಂಶದ ಬಗ್ಗೆ ಯಾರು ಕೇಳಿದ್ರೂ ಮೊದಲು ಕೇಳೋ ಪ್ರಶ್ನೆ: ಈ ಪ್ರೋಗ್ರಾಂ ನಾಳೆ ಇಲ್ಲವಾದ್ರೆ ನನ್ನ ಬರಹ ಓದೋಕೆ ಬರುತ್ತಾ? ವೇಗ, ಅಂದ, ಬೆಲೆ ಎಲ್ಲ ಆಮೇಲೆ.

[ಪರದೆ: ಒಂದು ಲಿಬ್ರೆಆಫೀಸ್ ಫೈಲ್. ಅದರ ಹೆಸರಿನ ಕೊನೆಯ ಭಾಗ ‘ಜಿಪ್’ ಎಂದು ಬದಲಾಗುತ್ತದೆ]

ಇದನ್ನ ನೀವೇ ಮಾಡಿ ನೋಡಬಹುದು. ವರ್ಡ್‌ನಂಥದ್ದೇ ಮುಕ್ತ ತಂತ್ರಾಂಶ ಲಿಬ್ರೆಆಫೀಸಲ್ಲಿ, ಯೂನಿಕೋಡ್ ಕನ್ನಡದಲ್ಲಿ ಎರಡು ಸಾಲು ಬರೆದು ಸೇವ್ ಮಾಡಿ. ಅದೊಂದು ಓಡಿಟಿ ಫೈಲ್ ಆಗುತ್ತೆ. ಅದರ ಒಂದು ಪ್ರತಿ ಮಾಡಿ, ಹೆಸರಿನ ಕೊನೇಲಿ ಓಡಿಟಿ ತೆಗೆದು ಜಿಪ್ ಅಂತ ಹಾಕಿ, ಬಿಚ್ಚಿ. ಒಳಗೆ ಕಂಟೆಂಟ್ ಅನ್ನೋ ಫೈಲ್ ಇರುತ್ತೆ. ನೋಟ್‌ಪ್ಯಾಡಲ್ಲಿ ತೆರೀರಿ. ಕಂಪ್ಯೂಟರಿಗೆ ಬೇಕಾದ ಗುರುತುಗಳ ನಡುವೆ ನಿಮ್ಮ ಎರಡು ಸಾಲು ಕನ್ನಡ, ಕನ್ನಡವಾಗೇ ಕೂತಿರುತ್ತೆ. ಈ ಫೈಲಿನ ನಿಯಮಾವಳಿ 2006ರಲ್ಲಿ ಅಂತರರಾಷ್ಟ್ರೀಯ ಮಾನಕ ಆಗಿದೆ. ಲಿಬ್ರೆಆಫೀಸ್ ಮುಚ್ಚಿ ಹೋದ್ರೂ ಇದನ್ನ ಓದೋ ಪ್ರೋಗ್ರಾಂ ಬರಿಯೋಕೆ ಯಾರ ಅಪ್ಪಣೆಯೂ ಬೇಡ. ಈಗಿನ ವರ್ಡ್‌ನ ಡಾಕ್ಸ್ ಫೈಲೂ ಒಳಗೆ ಜಿಪ್ಪೇ, ಅದಕ್ಕೂ ಮಾನಕ ಇದೆ, ಅದರಲ್ಲಿ ಯೂನಿಕೋಡ್ ಬಳಸಿದ್ರೆ ನಾನು ಬೇಡ ಅನ್ನಲ್ಲ. ಹಳೇ ಡಾಕ್ ಫೈಲ್ ಹಾಗಿರಲಿಲ್ಲ.

ಮುಕ್ತ ತಂತ್ರಾಂಶ ಅಂದ್ರೆ ಪುಕ್ಕಟೆ ಅಂತ ತಿಳ್ಕೊಂಡವರು ತುಂಬಾ ಜನ. ಅದರ ಕೋಡನ್ನ ಯಾರು ಬೇಕಾದ್ರೂ ತಗೊಂಡು ಬದಲಿಸಿ ಮುಂದುವರಿಸಬಹುದು ಅನ್ನೋದು ಅದರ ತಿರುಳು. ಲಿಬ್ರೆಆಫೀಸ್ ಹುಟ್ಟಿದ್ದನ್ನೇ ನೋಡಿ. ಅದರ ಮೂಲ ಓಪನ್ಆಫೀಸ್, ಸನ್ ಕಂಪನಿಯದ್ದು. 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯ್ತು. ಮುಂದೇನೋ ಅನ್ನೋ ಆತಂಕದಲ್ಲಿ ಅದರ ಕೆಲಸ ಮಾಡ್ತಿದ್ದವರೇ ಅದೇ ವರ್ಷ ಸೆಪ್ಟೆಂಬರಲ್ಲಿ ಕೋಡ್ ತಗೊಂಡು ಹೊರಗೆ ಬಂದು ಹೊಸ ಹೆಸರಲ್ಲಿ ಮುಂದುವರಿಸಿದ್ರು. ಪರವಾನಗಿ ಹಾಗೆ ಮಾಡೋಕೆ ಬಿಟ್ಟಿತ್ತು. ಮುಚ್ಚಿದ ತಂತ್ರಾಂಶದಲ್ಲಿ ಮಾಲೀಕ ಬದಲಾದ್ರೆ ನಾವು ಕೈಕಟ್ಟಿ ನೋಡ್ತಾ ಇರಬೇಕು.

ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. 2017ರ 1.5.3 ಆವೃತ್ತಿಯಿಂದ ಕನ್ನಡದ ಒತ್ತಕ್ಷರ ಸರಿಯಾಗಿ ಕಟ್ಟುತ್ತೆ. ಅಡೋಬಿ ಕಂಪನಿಯ ಇನ್‌ಡಿಸೈನಿನಷ್ಟು ನಯ ಇಲ್ಲ. ಒಂದು ಕಾದಂಬರಿ, ಒಂದು ಸ್ಮರಣ ಸಂಚಿಕೆಗೆ ಧಾರಾಳ ಸಾಕು. ಫಾಂಟಿಗೆ ಗುಬ್ಬಿ, ನವಿಲು, ಲೋಹಿತ್, ನೋಟೋ ಇವೆ, ಎಲ್ಲ ಮುಕ್ತ. ಆದ್ರೆ ಚೆಂದದ ಶೀರ್ಷಿಕೆ ಅಕ್ಷರಗಳು ಇನ್ನೂ ಬೇಕು. ಅಕ್ಷರ ಬರೆಯೋ ಕಲಾವಿದರು ಯಾರಾದ್ರೂ ಇದನ್ನ ನೋಡ್ತಿದ್ರೆ, ಬಾಕಿ ಇರೋ ದೊಡ್ಡ ಕೆಲಸ ಅದು.

ಇನ್ನು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತ ಮೇಲೆ ತುಂಬಾ ಜನ ವಿಂಡೋಸ್ ಬದಲಿಗೆ ಹಾಕ್ಕೊಳ್ಳಬಹುದಾದ ಮುಕ್ತ ವ್ಯವಸ್ಥೆ ಲಿನಕ್ಸ್ ಬಗ್ಗೆ ವಿಚಾರಿಸ್ತಿದಾರೆ. “ಅದರಲ್ಲಿ ನುಡಿ ಇಲ್ವಲ್ಲ” ಅಂತ ಹಿಂಜರೀತಾರೆ. ನಿಮಗೆ ಬೇಕಾಗಿರೋದು ನುಡಿಯ ಕೀಲಿ ವಿನ್ಯಾಸ ತಾನೇ? ಅದು ಲಿನಕ್ಸಲ್ಲಿ ಈಗಾಗ್ಲೇ ಇದೆ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಅಂತ ಹುಡುಕಿ. ಬೆರಳು ಹೊಸದಾಗಿ ಕಲಿಯೋದು ಹೆಚ್ಚೇನೂ ಇರಲ್ಲ.

[ಪರದೆ: ಎಡಕ್ಕೆ ಹಳೇ ಫೈಲ್, ಬಲಕ್ಕೆ ಪರಿವರ್ತನೆಯಾದ ಪುಟ]

ಈಗ ಸಿಡಿಗೆ ವಾಪಸ್ ಬರೋಣ. ಮೊದಲು ಆ ಫೈಲ್‌ಗಳ ಪ್ರತಿ ತೆಗೀರಿ, ಮೂಲಾನ ಮುಟ್ಟಬೇಡಿ. ಆಮೇಲೆ ಹಳೇ ಫಾಂಟನ್ನ ಹಾಕಿ ಫೈಲ್ ತೆರೀರಿ. ಅಕ್ಷರ ಮೂಡುತ್ತೆ, ಪಿಡಿಎಫ್ ಮಾಡಿ ಇಟ್ಕೊಳ್ಳಿ. ತಪ್ಪು ತಿದ್ದೋವಾಗ ಪಕ್ಕದಲ್ಲಿ ಇಟ್ಟು ನೋಡೋಕೆ ಅದೇ ಆಧಾರ. ಆಮೇಲೆ ಪರಿವರ್ತಕ. ನುಡಿ, ಬರಹದ ಫಾಂಟ್‌ಗಳಿಂದ ಯೂನಿಕೋಡಿಗೆ ತರೋ ಪರಿವರ್ತಕಗಳು ಉಚಿತವಾಗಿ ಸಿಗ್ತವೆ, ಕೋಡ್ ಸಮೇತ ಸಿಗೋವೂ ಇವೆ. ಒಂದು ಎಚ್ಚರಿಕೆ: ನಡುವೆ ನಿಜವಾದ ಇಂಗ್ಲಿಷ್ ಪದ ಇದ್ರೆ, ಪರಿವರ್ತಕ ಅದನ್ನೂ ಕನ್ನಡದ ಚೂರು ಅಂದ್ಕೊಂಡು ಅರ್ಥವಿಲ್ಲದ ಅಕ್ಷರ ಮಾಡುತ್ತೆ. ಅಂಥ ಭಾಗಗಳನ್ನ ಮೊದಲೇ ಬೇರೆ ಮಾಡಿ. ಮುಗಿದ ಮೇಲೆ ಅರ್ಕಾವೊತ್ತು ಇರೋ ಪದಗಳನ್ನ ಒಂದೊಂದಾಗಿ ನೋಡಿ. ಹಿಂದಿದ್ದದ್ದನ್ನ ಮುಂದಕ್ಕೆ ತರೋವಾಗ ತಪ್ಪೋದು ಅಲ್ಲೇ ಹೆಚ್ಚು.

ಚಿಕ್ಕಪ್ಪ ತಾವೇ ಟೈಪ್ ಮಾಡಿದ ಹಾಡುಗಳೆಲ್ಲ ಒಂದು ಸಂಜೆಯಲ್ಲಿ ಬಂದ್ವು. ‘ದೀಪ’ ಅಂತ ಹುಡುಕಿ ಅಂದೆ. ಹುಡುಕಿದ್ರು. ಪುಟದ ಮೇಲೆ ಅಲ್ಲಲ್ಲಿ ಹಳದಿ ಬಣ್ಣ ಹತ್ತಿಕೊಳ್ತಾ ಹೋಯ್ತು. ಅವರು ಮಾತೇ ಆಡಲಿಲ್ಲ, ಕೀಲಿ ಒತ್ತಿ ಒತ್ತಿ ಮುಂದಿನ ಜಾಗಕ್ಕೆ ಹೋಗ್ತಾನೇ ಇದ್ರು.

ಎರಡು ಫೈಲ್ ಮಾತ್ರ ಬರಲಿಲ್ಲ. ಅವನ್ನ ಆಗ ಪೇಟೆಯ ಒಂದು ಅಂಗಡಿಯಲ್ಲಿ ಟೈಪ್ ಮಾಡಿಸಿದ್ರಂತೆ. ಅಲ್ಲಿದ್ದದ್ದು ಬೇರೆ ಕಂಪನಿಯ ಫಾಂಟ್, ಯಾವ ಖಾನೆಯಲ್ಲಿ ಯಾವ ಚೂರು ಅನ್ನೋ ಪಟ್ಟಿ ಹೊರಗೆಲ್ಲೂ ಸಿಗ್ತಿಲ್ಲ, ಫಾಂಟೂ ಸಿಗ್ತಿಲ್ಲ. ಅಚ್ಚಾದ ಪ್ರತಿನೂ ಇಲ್ಲ. ಆದ್ರೆ ಚಿಕ್ಕಪ್ಪಂಗೆ ಆ ಹಾಡುಗಳು ಬಾಯಿಗೆ ಬರ್ತವೆ. ಭಾನುವಾರ ಫೋನ್ ಮಾಡ್ತೀನಿ. ಅವರು ಒಂದೊಂದೇ ಸಾಲು ನಿಧಾನವಾಗಿ ಹಾಡ್ತಾರೆ, ನಾನು ಆ ಗುರುತುಗಳ ಮೇಲೆ ಬೆರಳಿಟ್ಟು ಇದು ‘ಗ’, ಇದು ‘ಲ’ ಅಂತ ಪಟ್ಟಿ ಮಾಡ್ತಾ ಹೋಗ್ತೀನಿ. ‘ಳ’ ಮೊನ್ನೆ ಸಿಕ್ತು. ‘ಣ’ದ ಒತ್ತು ಇನ್ನೂ ಸಿಕ್ಕಿಲ್ಲ.